ನಂಜುಂಡಯ್ಯನವರ ಖಾಲಿ ಲೋಟಗಳು

ಭಾನುವಾರ ಬಂತೆಂದರೆ ಇಂದಿರಮ್ಮನವರಿಗೆ ಮೈಯೆಲ್ಲ ಉರಿಯುತ್ತಿತ್ತು. ವಾರದ ದಿನಗಳಲ್ಲಿ ಗಂಡ ಚಂದ್ರಪ್ಪನವರು ಆಫೀಸಿನಲ್ಲೇ ಯಾರ ಮೇಲಾದರೂ ಹರಿಹಾಯ್ದು, ಮನೆಗೆ ಬರುವಷ್ಟರಲ್ಲಿ ಅರ್ಧ ಆರಿರುತ್ತಿದ್ದರು. ಭಾನುವಾರ ಹಾಗಲ್ಲ. ತಿಂಡಿ ಮುಗಿದದ್ದೇ ಅಡುಗೆಮನೆಗೆ ನುಗ್ಗಿ, ಗೂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ಯುದ್ಧಕ್ಕೆ ಹೊರಡುತ್ತಿದ್ದರು. ಮನೆಗೆ ಯಾರಾದರೂ ಬಂದರೆ ನೀರು ಕೊಡಲು ಪಿಂಗಾಣಿ ಕಪ್ಪೇ ಗತಿ. ಆದರೂ ಇಂದಿರಮ್ಮ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಸಂಜೆಯವರೆಗೆ ಮುಚ್ಚಬೇಕಾಗಿರಲಿಲ್ಲ, ಅಷ್ಟು ತುಂಬಿಕೊಂಡಿತ್ತು ಒಳಗೆ.

ಯುದ್ಧ ನಡೆಯುತ್ತಿದ್ದದ್ದು ಡೆಲ್ಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ. ಟೇಬಲ್ ಟೆನ್ನಿಸ್ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಥರ್ಮೊಕೋಲಿನ ಗುಡ್ಡ, ಬೆಂಕಿಪೊಟ್ಟಣದ ಮನೆ, ನೀಲಿ ಕಾಗದದ ಹೊಳೆ ಮಾಡಿ, ಹೆಬ್ಬೆರಳುದ್ದದ ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ದಾಳ ಉರುಳಿಸಿ, ದರ್ಜಿಯ ಟೇಪಿನಲ್ಲಿ ಅಳೆದು ಮುಂದೆ ನಡೆಸುವುದು, ಕೊಲ್ಲುವುದು. ಇದನ್ನೆಲ್ಲ ತಂದವರು ನಿವೃತ್ತ ಕರ್ನಲ್ ಭಾಟಿಯಾ. ಮಗಳ ಕ್ವಾರ್ಟರ್ಸಿನಲ್ಲಿದ್ದ ಈ ಮುದುಕರಿಗೆ ನಿಜವಾದ ಯುದ್ಧದ ಬಗ್ಗೆ ಒಂದು ಮಾತೂ ಬೇಡ, ಈ ಆಟದ ನಿಯಮದ ಬಗ್ಗೆ ಕೇಳಿದರೆ ಮಾತ್ರ ಊಟ ಬಿಟ್ಟು ಎದ್ದು ಬರುತ್ತಿದ್ದರು.

ಆಟದ ಜೀವವೆಲ್ಲ ಅಡಗಿಸಿಡುವುದರಲ್ಲಿತ್ತು. ಸೇನಾಪತಿ, ಒಂದು ಫಿರಂಗಿ, ಕೆಲವು ಕುದುರೆಗಳು, ಇಷ್ಟನ್ನು ಬೋರಲು ಹಾಕಿದ ಪಾತ್ರೆಗಳ ಕೆಳಗೆ ಬಚ್ಚಿಡಬಹುದು. ಜೊತೆಗೆ ಒಂದಷ್ಟು ಖಾಲಿ ಪಾತ್ರೆಗಳನ್ನೂ ಇಟ್ಟು ಎದುರಾಳಿಯನ್ನು ದಾರಿ ತಪ್ಪಿಸಬಹುದು. ಅವನು ತನ್ನ ಸಿಪಾಯಿಯನ್ನು ಒಂದು ಗೇಣಿನ ಹತ್ತಿರಕ್ಕೆ ತಂದಾಗಷ್ಟೇ ಪಾತ್ರೆ ಎತ್ತಿ ತೋರಿಸಬೇಕು. ಖಾಲಿ ಬಂದರೆ ಅವನ ಒಂದು ಸರದಿ ಹಾಳು. ಸೇನಾಪತಿ ಸಿಕ್ಕಿದರೆ ಆಟವೇ ಮುಗಿಯಿತು. ಇಡುವಾಗ ಎದುರಾಳಿ ವರಾಂಡಕ್ಕೆ ಹೋಗಿ ನಿಲ್ಲಬೇಕು. ಆಮೇಲೆ ಪಾತ್ರೆ ಮುಟ್ಟಬಾರದು, ಕುಟ್ಟಿ ಸದ್ದು ಕೇಳಬಾರದು, ಬಗ್ಗಿ ಇಣುಕಬಾರದು. "ಜೋ ಢಕಾ ಹೈ, ವೋ ಢಕಾ ಹೈ, ಜೋ ಖುಲಾ ಹೈ, ವೋ ಸಬ್‌ಕಾ ಹೈ" ಎನ್ನುವುದು ಕರ್ನಲ್ಲರ ವೇದವಾಕ್ಯ. ಮುಚ್ಚಿದ್ದು ಮುಚ್ಚಿದ್ದೇ, ತೆರೆದಿದ್ದು ಎಲ್ಲರದ್ದು.

ಮಿಕ್ಕವರೆಲ್ಲ ಚಹಾದಂಗಡಿಯ ಮಣ್ಣಿನ ಕುಲ್ಹಡ್ ಬೋರಲು ಹಾಕಿ ಆಡುತ್ತಿದ್ದರು. ಚಂದ್ರಪ್ಪನವರಿಗೆ ಅದು ಆಗದು. "ಯಾರ್ಯಾರೋ ಕುಡಿದು ಬಿಸಾಕಿದ ಎಂಜಲು ಕುಡಿಕೆ ನಾನು ಮುಟ್ಟಲ್ಲ" ಎಂದು ಮೊದಲ ವಾರವೇ ಜಗಳ ತೆಗೆದು, ಮರುವಾರ ಮನೆಯ ಸ್ಟೀಲ್ ಲೋಟ ತಂದರು. ಕರ್ನಲ್ಲರು ಎತ್ತಿ ನೋಡಿ, ಒಳಗಿದ್ದದ್ದು ಹೊರಗೆ ಕಾಣದಿದ್ದರೆ ಸಾಕು ಎಂದು ಒಪ್ಪಿದರು. ಅದಾಗಿ ಮೂರು ಚಳಿಗಾಲ ಚಂದ್ರಪ್ಪನವರನ್ನು ಸೋಲಿಸಿದವರು ಕಡಿಮೆ. ಆಫೀಸಿನಲ್ಲಿ ಇಪ್ಪತ್ತು ವರ್ಷ ಸವೆಸಿದರೂ ಒಂದು ಕೋಣೆ ಸಿಗದೆ ಬೀರುವಿನ ಮರೆಯಲ್ಲಿ ಕೂರುತ್ತಿದ್ದ ಮನುಷ್ಯ, ಭಾನುವಾರ ಆ ಮೇಜಿನ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಿದ್ದರು.

ಆ ಲೋಟಗಳು ಬಂದದ್ದು ಇಂದಿರಮ್ಮನವರ ಜೊತೆ. ತಿಪಟೂರಿನಲ್ಲಿ ಮೇಷ್ಟರಾಗಿದ್ದ ಅವರ ಅಪ್ಪ ನಂಜುಂಡಯ್ಯನವರು ಮಗಳ ಮದುವೆಗೆ ಅರ್ಧ ಡಜನ್ ಲೋಟ ಕೊಂಡು, ಪಾತ್ರೆ ಅಂಗಡಿಯ ಮುಂದೆ ಕೂತು ಒಂದೊಂದರ ಮೇಲೂ 'ಕೆ. ನಂಜುಂಡಯ್ಯ, ತಿಪಟೂರು' ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದರು. ಅತ್ತೆ ಗಿರಿಜಮ್ಮನವರದ್ದೊಂದು ದೊಡ್ಡ ಲೋಟವಿತ್ತು, ಅವರ ಹೆಸರೇ ಇದ್ದದ್ದು. ಮಗ ಡೆಲ್ಲಿಗೆ ನೌಕರಿಗೆ ಹೊರಟಾಗ ಆಕೆ 'ಚಂದ್ರಪ್ಪ' ಎಂದು ಹಾಕಿಸಿಕೊಟ್ಟ ಲೋಟ ಇನ್ನೊಂದು. ಅದರಲ್ಲಿ ಅವರು ಕಾಫಿ ಕುಡಿಯುತ್ತಿದ್ದರು, ಯುದ್ಧಕ್ಕೆ ಒಯ್ಯುತ್ತಿರಲಿಲ್ಲ. ಇನ್ನುಳಿದವು ಕನ್ನಡ ಸಂಘದ ರಂಗೋಲಿ ಸ್ಪರ್ಧೆಗಳಲ್ಲಿ ಇಂದಿರಮ್ಮನೇ ಗೆದ್ದ ಲೋಟಗಳು.

ಮದುವೆಯ ಊಟದ ಪಂಕ್ತಿಯಲ್ಲಿ ನಂಜುಂಡಯ್ಯನವರು ಯಾರಿಗೋ ನಗುತ್ತಾ, "ಅಳಿಯ ಡೆಲ್ಲಿಯಲ್ಲಿದಾನೆ ನಿಜ, ಆದ್ರೆ ಎಲ್ಲಿದ್ರೇನು, ಗುಮಾಸ್ತ ಗುಮಾಸ್ತನೇ" ಎಂದಿದ್ದರು. ಆ ಮಾತು ಮೂರು ಎಲೆ ದಾಟಿ ಅಳಿಯನ ಕಿವಿಗೆ ಬಿತ್ತು. ಅಷ್ಟೇ. ಮಾವ ಪತ್ರ ಬರೆದರೆ ಉತ್ತರವಿಲ್ಲ, ಊರಿಗೆ ಹೋದರೆ ಆ ಮನೆಯ ಹೊಸಿಲು ತುಳಿಯುವುದಿಲ್ಲ. ಮಾವ ತೀರಿಹೋದಾಗ, "ರಜೆ ಕೊಡಲ್ಲ ಅಂತಿದಾರೆ ಕಣೆ, ನೀನು ಹೋಗಿ ಬಾ" ಎಂದರು. ಇಂದಿರಮ್ಮ ಆಗಿನ್ನೂ ಪುಟ್ಟವನಾಗಿದ್ದ ಮಗ ಸಾತ್ವಿಕ್‌ನನ್ನು ಕಟ್ಟಿಕೊಂಡು ಒಬ್ಬರೇ ರೈಲು ಹತ್ತಿದರು. ಎಷ್ಟೋ ದಿನದ ಮೇಲೆ ಪಕ್ಕದ ಬ್ಲಾಕಿನ ಸರಳಾ ಹೇಳಿದಳು: ಚಂದ್ರಪ್ಪನವರು ರಜೆ ಕೇಳಲೇ ಇಲ್ಲವಂತೆ, ಅವಳ ಗಂಡನೂ ಅದೇ ಸೆಕ್ಷನ್ನಿನವನು. ಇಂದಿರಮ್ಮ ಕೇಳಿಸಿಕೊಂಡು, ಮುಚ್ಚಿಟ್ಟರು.

ಹಾಲಿನ ಗೋಡೆಯ ಮೇಲೆ ಗಿರಿಜಮ್ಮನವರ ಫೋಟೋ ಗಂಧದ ಹಾರ ಹಾಕಿಕೊಂಡು ಕೂತಿತ್ತು. ನಂಜುಂಡಯ್ಯನವರ ಫೋಟೋ ಹಳೇ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಮಲಗಿತ್ತು. "ಗೋಡೆಗೆ ಮೊಳೆ ಹೊಡೆದ್ರೆ ಸರ್ಕಾರದವರು ಬೈತಾರೆ" ಎನ್ನುತ್ತಿದ್ದರು ಚಂದ್ರಪ್ಪ. ಅಮ್ಮನ ಫೋಟೋದ ಮೊಳೆಗೆ ಸರ್ಕಾರದ ಆಕ್ಷೇಪಣೆ ಇರಲಿಲ್ಲವೋ ಏನೋ!

ಯೋಗೀಶನನ್ನು ಆಟಕ್ಕೆ ಕರೆತಂದವರು ಚಂದ್ರಪ್ಪನವರೇ. ದಾವಣಗೆರೆಯ ಹುಡುಗ, ಮಾನೇಸರಿನ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಹೊಸ ಇಂಜಿನಿಯರು, ಮುನಿರ್ಕಾದಲ್ಲಿ ಬಿಸಿಲು ಕಾಣದ ಒಂದು ಕೋಣೆ. ಸಂಘದ ಉಗಾದಿ ಊಟದಲ್ಲಿ ಸಿಕ್ಕವನನ್ನು "ನಮ್ಮವನು, ನಮ್ಮವನು" ಎಂದು ಹೆಗಲ ಮೇಲೆ ಕೈ ಹಾಕಿ ಮೆರೆಸಿದರು. ಆ ನಮ್ಮವನು ಚಳಿಗಾಲ ಶುರುವಾಗುತ್ತಲೇ ಚಂದ್ರಪ್ಪನವರನ್ನು ಸೋಲಿಸಿದ. ಮರುವಾರ ಮತ್ತೆ ಸೋಲಿಸಿದ. ಆಮೇಲೆ ಸೋಲಿಸುತ್ತಲೇ ಹೋದ. ಎಲ್ಲ ಲೋಟಗಳನ್ನೂ ದಾಟಿಕೊಂಡು ಅವನ ಸಿಪಾಯಿಗಳು ನೆಟ್ಟಗೆ ಸೇನಾಪತಿಯ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದವು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚಂದ್ರಪ್ಪನವರು ಮೊದಲು ದಾಳ ಡೊಂಕು ಎಂದರು. ಆಮೇಲೆ ವರಾಂಡದ ಕಿಟಕಿಗೆ ಪರದೆ ಹಾಕಿಸಿದರು. ಯೋಗೀಶ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು, ಕನ್ನಡಕ ಹಾಕಬಾರದು ಎಂದರು. ಕನ್ನಡಕ ತೆಗೆದ ಯೋಗೀಶ ಮೇಜಿನ ಕಾಲಿಗೆ ಎಡವಿದ, ಆದರೂ ಗೆದ್ದ.

ಇಂದಿರಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಪಾತ್ರೆ ತೊಳೆಯುವವರಿಗೆ ಗೊತ್ತಾಗುವಷ್ಟು ಗುಟ್ಟು ಪೊಲೀಸರಿಗೂ ಗೊತ್ತಾಗುವುದಿಲ್ಲ. ಚಂದ್ರಪ್ಪನವರು ಶನಿವಾರ ಶನಿವಾರ ಸೇನಾಪತಿಯ ಟೋಪಿಗೆ ಅಗ್ಗದ ಬಂಗಾರದ ಬಣ್ಣ ಬಳಿಯುತ್ತಿದ್ದರು, ಅದು ಸರಿಯಾಗಿ ಒಣಗುತ್ತಲೇ ಇರಲಿಲ್ಲ. ಭಾನುವಾರ ಸಂಜೆ ಲೋಟ ಉಜ್ಜುವಾಗ ಆ ಬಂಗಾರದ ಬಣ್ಣ ಕಾಣುತ್ತಿದ್ದದ್ದು ಒಂದೇ ಲೋಟದೊಳಗೆ, ಅತ್ತೆಯವರ ಲೋಟದೊಳಗೆ. ಕುದುರೆಗಳ ಕಂದು, ಫಿರಂಗಿಯ ಕಪ್ಪು ರಂಗೋಲಿಯ ಲೋಟಗಳಲ್ಲಿ. ಅಪ್ಪನ ಲೋಟಗಳು ಮಾತ್ರ ಹೋದ ಹಾಗೇ ಬರುತ್ತಿದ್ದವು, ಒಳಗೆ ಒಂದು ಗೀರೂ ಇಲ್ಲದೆ. ಮೂರು ಚಳಿಗಾಲ ಅವುಗಳೊಳಗೆ ಆ ಮನುಷ್ಯ ಒಂದು ಕುದುರೆಯನ್ನೂ ಇಟ್ಟಿರಲಿಲ್ಲ. ಮೊದಲ ಸಲ ಇದು ಹೊಳೆದಾಗ ಇಂದಿರಮ್ಮ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತರು. ಆಮೇಲೆ ಅಳು ಬರಲಿಲ್ಲ. ಸಿಟ್ಟು ಬಂತು, ಅದು ಹೋಗಲೇ ಇಲ್ಲ.

ಕನ್ನಡ ಬಾರದ ಕರ್ನಲ್ಲರಿಗೋ ಮಿಕ್ಕ ಆಟಗಾರರಿಗೋ ಆ ಚುಕ್ಕಿಗಳೆಲ್ಲ ಬರೀ ಚಿತ್ತಾರ. ಆದರೆ ಲೋಟದ ಮೇಲಿನ ಹೆಸರು ಓದದ ಕನ್ನಡಿಗನುಂಟೆ? ಮದುವೆಮನೆಯಲ್ಲಿ ಪಾತ್ರೆ ಅದಲುಬದಲಾಗದಂತೆ ಹೆಸರು ನೋಡಿ ಎತ್ತಿಟ್ಟು ಬೆಳೆದ ಕಣ್ಣು ತಾನಾಗಿ ಓದಿಬಿಡುತ್ತದೆ.

ಜನವರಿಯ ಒಂದು ಭಾನುವಾರ, ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಸಂಕ್ರಾಂತಿ ಹತ್ತಿರವಿತ್ತೆಂದು ಇಂದಿರಮ್ಮ ಎಲ್ಲರಿಗೂ ಎಳ್ಳು, ಉಪ್ಪಿಟ್ಟು ತಂದಿದ್ದರು. ಯೋಗೀಶನ ಸಿಪಾಯಿಗಳು ಮತ್ತೆ ನೆಟ್ಟಗೆ ಸೇನಾಪತಿಯ ಮುಂದೆ ಹೋಗಿ ನಿಂತವು. ಚಂದ್ರಪ್ಪನವರು ಮೇಜಿಗೆ ಗುದ್ದಿದರು. ಥರ್ಮೊಕೋಲಿನ ಗುಡ್ಡ ಬಿದ್ದುಹೋಯಿತು.

"ಕಳ್ಳ! ಇವನು ಕಳ್ಳ! ಏ ಚೋರ್ ಹೈ ಕರ್ನಲ್ ಸಾಬ್!"

ಯೋಗೀಶನ ಮುಖ ಕಪ್ಪಿಟ್ಟಿತು.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಸಾರ್."

"ಹಾಗಾದ್ರೆ ಹೇಳು, ಹೇಗೆ ಗೊತ್ತಾಗುತ್ತೆ ನಿನಗೆ? ದಿವ್ಯದೃಷ್ಟಿಯೇನೋ? ಹೇಳಲಿಲ್ಲಾಂದ್ರೆ ನೋಡು, ನಿನ್ನ ಪ್ಲಾಂಟಿನ ಮ್ಯಾನೇಜರು ನಮ್ಮ ಸಂಘದವರೇ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವಾ? ಎಂಥಾ ನಿಯತ್ತಿನವನು ಇವನು ಅಂತ ನಾಳೇನೇ ಫೋನ್ ಮಾಡಿ ಹೇಳ್ತೀನಿ."

ಕರ್ನಲ್ಲರು ಅಂಪೈರ್ ಕುರ್ಚಿಯಿಂದ ಎದ್ದು ಬಂದರು. ಬೈಗುಳ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. ಇಣುಕಿದ್ದು ನಿಜವಾದರೆ ಈ ಮೇಜಿನ ಹತ್ತಿರ ಮತ್ತೆ ಕಾಲಿಡಕೂಡದು ಎಂದರು, ಹಿಂದಿಯಲ್ಲಿ, ಬಹಳ ಮೆಲ್ಲಗೆ. "ಬೇಟಾ, ಕೈಸೇ ಪತಾ ಚಲಾ?" ಹೇಗೆ ಗೊತ್ತಾಯಿತು ಎಂದು ಕೇಳಿದರು.

ಯೋಗೀಶ ಬಾಯಿ ತೆರೆದ. ಹೇಳಿಯೇಬಿಡುತ್ತಾನೆ ಎನ್ನುವಂತಿತ್ತು. ಆಗ ಅವನ ಕಣ್ಣು ಮೂಲೆಯಲ್ಲಿ ಎಳ್ಳಿನ ಡಬ್ಬಿ ಹಿಡಿದು ಕೂತ ಇಂದಿರಮ್ಮನ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡ.

"ಹೇಳೋಕಾಗಲ್ಲ ಸಾರ್."

"ನೋಡಿದ್ರಾ! ಸಾಚಾ ಆಗಿದ್ರೆ ಹೇಳ್ತಿರಲಿಲ್ವಾ?" ಚಂದ್ರಪ್ಪನವರು ಗೆದ್ದವರ ಹಾಗೆ ಎಲ್ಲರ ಮುಖ ನೋಡಿದರು.

ಇಂದಿರಮ್ಮನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಈ ಹುಡುಗ ಓದಿದ್ದಾನೆ. ಯಾವ ಹೆಸರಿನಡಿ ಏನಿರುತ್ತದೆ, ಯಾವ ಹೆಸರಿನಡಿ ಏನೂ ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದಾನೆ. ಈಗ ತನ್ನ ನೌಕರಿಗೆ ಕುತ್ತು ಬಂದರೂ ನನ್ನೆದುರು ಅದನ್ನು ಹೇಳಲಾರದೆ ನಿಂತಿದ್ದಾನೆ. ನಾನು ಸುಮ್ಮನಿದ್ದರೆ ಅವನು ಕಳ್ಳನಾಗುತ್ತಾನೆ. ಬಾಯಿ ಬಿಟ್ಟರೆ ಇಡೀ ಸೆಕ್ಟರಿಗೆ ಗೊತ್ತಾಗುತ್ತದೆ, ಇವಳ ಗಂಡ ಇವಳ ತೌರನ್ನು ಏನೆಂದುಕೊಂಡಿದ್ದಾನೆ ಎಂದು. ಸರಳಾಳೂ ಅಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದಳು. ಅವಳಿಗೆ ಗೊತ್ತಾದ ಮೇಲೆ ಸೆಕ್ಟರಿಗೆ ಬೇರೆ ಡಂಗುರ ಬೇಕಿಲ್ಲ. ಇಂದಿರಮ್ಮ ಎಳ್ಳಿನ ಡಬ್ಬಿ ಕೆಳಗಿಟ್ಟರು. ಹಾಗೇ ಎದ್ದರು.

"ಕರ್ನಲ್ ಸಾಬ್, ಮೈ ಬತಾತೀ ಹೂಂ", ನಾನು ಹೇಳುತ್ತೇನೆ ಎಂದರು. ಡೆಲ್ಲಿಗೆ ಬಂದ ಹೊಸದರಲ್ಲಿ ತರಕಾರಿ ಭಯ್ಯಾನಿಂದ ಕಲಿತ ಹಿಂದಿ ಅದು, ಚೌಕಾಶಿಗೆ ಚೆನ್ನಾಗಿ ಒಗ್ಗಿತ್ತು.

"ನೀನು ಕೂತ್ಕೊ. ಇದು ಹೆಂಗಸರ ವಿಷಯ ಅಲ್ಲ" ಎಂದರು ಚಂದ್ರಪ್ಪ.

"ಲೋಟ ಹೆಂಗಸರ ವಿಷಯವೇ."

ಮೇಜಿನ ಹತ್ತಿರ ಬಂದು ಒಂದೊಂದೇ ಲೋಟ ಎತ್ತಿ, ಒಳಭಾಗ ಕರ್ನಲ್ಲರ ಕಣ್ಣಿಗೆ ಹಿಡಿದರು. ಇದರಲ್ಲಿ ಬಂಗಾರದ ಬಣ್ಣ ನೋಡಿ, ಇದರ ಮೇಲೆ ಬರೆದಿರುವುದು ನಮ್ಮತ್ತೆಯ ಹೆಸರು; ಯಾವತ್ತೂ ಸೇನಾಪತಿ ಇದರ ಕೆಳಗೇ. ಇವು ಆರು ನೋಡಿ, ಹೊಚ್ಚ ಹೊಸದರ ಹಾಗಿವೆ. ಇವುಗಳ ಮೇಲಿರುವುದು ನಮ್ಮಪ್ಪನ ಹೆಸರು. ಇವು ಯಾವತ್ತೂ ಖಾಲಿ. ಹೆಸರು ಹೊರಗೇ ಇದೆ, ಓದಲು ಬರುವವರು ಯಾರು ಬೇಕಾದರೂ ಓದಬಹುದು.

ಕರ್ನಲ್ಲರು ಲೋಟದ ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಮೂರು ವರ್ಷ ಕಣ್ಣೆದುರಿಗಿದ್ದದ್ದು ಅಕ್ಷರ ಎಂದು ಅವರಿಗೆ ಆಗಲೇ ಗೊತ್ತಾದದ್ದು. ತೆರೆದಿದ್ದು ಎಲ್ಲರದ್ದು, ಹುಡುಗನದ್ದು ತಪ್ಪಿಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಚಂದ್ರಪ್ಪನವರ ಕಡೆ ತಿರುಗಿ, ಬೇಕೆಂದೇ ಹಾಗೆ ಇಡುತ್ತಿದ್ದಿರಾ ಎಂದು ಕೇಳಿದರು.

"ಇಲ್ಲ... ಕೈ ಹಾಗೇ ಹೋಗುತ್ತೆ" ಎಂದರು ಚಂದ್ರಪ್ಪ, ಕನ್ನಡದಲ್ಲೇ. ಬೇಕೆಂದು ಇಟ್ಟಿದ್ದೆ ಎಂದಿದ್ದರೂ ಇಂದಿರಮ್ಮನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಯೋಗೀಶ ಹತ್ತಿರ ಬಂದು "ಸಾರಿ ಆಂಟಿ" ಎಂದ.

"ನೀನೇನೂ ದೊಡ್ಡ ಸಾಚಾ ಅಲ್ಲ ಸುಮ್ನಿರಪ್ಪ" ಎಂದರು ಇಂದಿರಮ್ಮ. "ಇವತ್ತು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ, ಅದು ಸರಿ. ಇಷ್ಟು ವಾರ ನಮ್ಮಪ್ಪನ ಖಾಲಿ ಲೋಟ ನೋಡ್ಕೊಂಡು ಗೆಲ್ತಾ ಇದ್ಯಲ್ಲ, ಆಗ ನನ್ನ ಉಪ್ಪಿಟ್ಟು ಹೇಗೆ ಇಳೀತು ಗಂಟಲಲ್ಲಿ?" ಲೋಟಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅವರು ಯಾರನ್ನೂ ನೋಡದೆ ಮನೆಗೆ ನಡೆದರು.

ಮನೆಯಲ್ಲಿ ಚಂದ್ರಪ್ಪನವರು ಬಾಗಿಲು ಹಾಕಿದ್ದೇ ತಡ, "ಊರಿಗೆಲ್ಲ ನಗೆಪಾಟಲು ಮಾಡಿದೆಯಲ್ಲೇ! ಒಂದು ಲೋಟಕ್ಕೆ ಇಷ್ಟು ರಾಮಾಯಣವಾ?" ಎಂದು ಹಾರಾಡಿದರು.

"ಒಂದು ಮಾತಿಗೆ ನೀವು ಇಪ್ಪತ್ತು ವರ್ಷದ ಮಹಾಭಾರತ ಮಾಡಲಿಲ್ವಾ? ಅಪ್ಪ ಸತ್ತಾಗ ರಜೆ ಸಿಗಲಿಲ್ಲ ಅಂದ್ರಿ. ನೀವು ಕೇಳಲೇ ಇಲ್ಲ. ನನಗೆ ಗೊತ್ತು. ಯಾವಾಗಿನಿಂದಲೋ ಗೊತ್ತು."

ಚಂದ್ರಪ್ಪನವರು ಅತ್ತ ಇತ್ತ ನೋಡಿದರು. ಕೈಲಾಗದವನು ಮೈ ಪರಚಿಕೊಂಡನಂತೆ. ಕೊನೆಗೆ ಸಿಕ್ಕಿದ್ದು ಆಟವೇ. "ಅಷ್ಟೆಲ್ಲ ಗೊತ್ತಿದ್ರೆ ಬಾ, ನೀನೇ ಆಡು ನನ್ನ ಜೊತೆ, ನೋಡೋಣ ನಿನ್ನ ಬುದ್ಧಿ!"

"ಆಡ್ತೀನಿ. ಗೆದ್ದರೆ ಅಪ್ಪನ ಫೋಟೋ ಹಾಲಿನಲ್ಲಿ ಹಾಕಬೇಕು. ಮೊಳೆ ನೀವೇ ಹೊಡೀಬೇಕು. ಸೋತರೆ ಆ ಲೋಟಗಳನ್ನ ಹಳೇ ಪಾತ್ರೆ ಕೊಳ್ಳೋಳಿಗೆ ಕೊಟ್ಟುಬಿಡ್ತೀನಿ, ಅಪ್ಪನ ಹೆಸರೇ ಎತ್ತಲ್ಲ."

ಆ ವಾರವೆಲ್ಲ ಮನೆಯಲ್ಲಿ ಮಾತಿಲ್ಲ. ಕಾಫಿ ಬರುತ್ತಿತ್ತು, ತಿಂಡಿ ಬರುತ್ತಿತ್ತು, ಕುಕ್ಕಿದ ಸದ್ದಿನೊಡನೆ ಬರುತ್ತಿತ್ತು.

ಭಾನುವಾರ ಸಮುದಾಯ ಭವನ ಕಿಕ್ಕಿರಿದಿತ್ತು. ಡಂಗುರ ಚೆನ್ನಾಗೇ ಮುಟ್ಟಿತ್ತು. ಚಂದ್ರಪ್ಪನವರು ಈ ಸಲ ಎಂಜಲೂ ಅನ್ನಲಿಲ್ಲ, ಏನೂ ಅನ್ನಲಿಲ್ಲ, ಕುಲ್ಹಡ್‌ಗಳನ್ನೇ ಬೋರಲು ಹಾಕಿಕೊಂಡರು. ಇಂದಿರಮ್ಮ ಅದೇ ಲೋಟಗಳನ್ನು ತಂದಿದ್ದರು, ಜೊತೆಗೆ ಗಂಡನ ಕಾಫಿ ಲೋಟವನ್ನೂ. ಅವರು ಅಡಗಿಸಿಟ್ಟು ಮುಗಿಸಿ ಕರೆದಾಗ ಚಂದ್ರಪ್ಪನವರು ವರಾಂಡದಿಂದ ಬಂದು, ಲೋಟಗಳ ಹೆಸರುಗಳನ್ನು ಜೀವನದಲ್ಲಿ ಮೊದಲ ಸಲ ಗಮನವಿಟ್ಟು ಓದಿದರು. ಪ್ರತಿಯೊಂದನ್ನೂ ಕರ್ನಲ್ಲರ ಅಪ್ಪಣೆ ಪಡೆದು ಓದಿದರು.

ಓದಿ, ಮುಗುಳ್ನಕ್ಕರು. ಅಪ್ಪನ ಮಗಳಲ್ಲವೇ! ಸಿಪಾಯಿಗಳನ್ನು ಸೀದಾ ನಂಜುಂಡಯ್ಯನವರ ಲೋಟಗಳ ಕಡೆ ನಡೆಸಿದರು. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ಇಂದಿರಮ್ಮನ ಕುದುರೆಗಳು ಅತ್ತ ರಂಗೋಲಿಯ ಲೋಟದಿಂದ ಹೊರಬಿದ್ದು ಅವರ ಕುಲ್ಹಡ್‌ಗಳ ಕಡೆ ಹೊರಟವು. ಮೂರನೆಯದು, ನಾಲ್ಕನೆಯದು... ಚಂದ್ರಪ್ಪನವರಿಗೆ ಚಳಿಯಲ್ಲೂ ಬೆವರು. ಆರೂ ಖಾಲಿ. ಹಾಗಾದರೆ ಇವಳು ನನ್ನ ಉಪಾಯವನ್ನೇ ನನಗೆ ತಿರುಗಿಸಿದ್ದಾಳೆ ಎಂದುಕೊಂಡು ಅಮ್ಮನ ಲೋಟಕ್ಕೆ ದಂಡೆಲ್ಲ ಹೊರಳಿಸಿದರು. ಇಂದಿರಮ್ಮ ಅದನ್ನೂ ಎತ್ತಿ ತೋರಿಸಿದರು. ಖಾಲಿ. ಅವರು ಹೀಗೆ ಸರದಿಗಳನ್ನು ಕಳೆದುಕೊಳ್ಳುವಷ್ಟರಲ್ಲಿ ಇಂದಿರಮ್ಮನ ಕುದುರೆಗಳು ಒಂದೊಂದೇ ಕುಲ್ಹಡ್ ತೆರೆಸುತ್ತಾ ಮೂಲೆಯ ಕುಲ್ಹಡ್ ಮುಟ್ಟಿದ್ದವು. ಕರ್ನಲ್ಲರು ಅದನ್ನೆತ್ತಿದರು, ಚಂದ್ರಪ್ಪನವರ ಸೇನಾಪತಿ ಬಂಗಾರದ ಟೋಪಿ ಹಾಕಿಕೊಂಡು ಸಿಕ್ಕಿಬಿದ್ದಿದ್ದ.

"ನಿನ್ನದು ಎಲ್ಲಿದೆ?" ಎಂದರು ಚಂದ್ರಪ್ಪ.

ಇಂದಿರಮ್ಮ ಅವರ ಕಾಫಿ ಲೋಟ ಎತ್ತಿದರು. ಮೇಜಿನ ನಟ್ಟನಡುವೆ, ಯಾರೂ ತಿರುಗಿ ನೋಡದ ಆ ಲೋಟದ ಕೆಳಗೆ ಸೇನಾಪತಿ ನಿಂತಿದ್ದ. 'ಚಂದ್ರಪ್ಪ' ಎಂಬ ಚುಕ್ಕಿಗಳು ಟ್ಯೂಬ್‌ಲೈಟಿಗೆ ಹೊಳೆದವು.

ಚಂದ್ರಪ್ಪನವರು ಬಗ್ಗಿ ಆ ಹೆಸರನ್ನು ಮತ್ತೆ ಓದಿದರು. ಮುಖದಲ್ಲಿದ್ದ ಬಿಗಿ ಸಡಿಲವಾಯಿತು. "ನನ್ನ ಹೆಸರಿನಡಿ ಇಟ್ಟೆಯಾ ಇಂದಿರಾ?" ಎಂದರು. ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹಾಗೆ ಕರೆದರು.

"ಕರಗಿ ನೀರಾಗಬೇಡಿ" ಎಂದರು ಇಂದಿರಮ್ಮ. "ಪ್ರೀತಿಗೆ ಇಟ್ಟಿದ್ದಲ್ಲ. ನಿಮ್ಮ ಹೆಸರಿನ ಕೆಳಗೆ ನಾನು ಏನಾದ್ರೂ ಇಟ್ಟಿರಬಹುದು ಅಂತ ನಿಮಗೆ ಹೊಳೆಯೋದೇ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ಇಟ್ಟೆ."

ಯಾರೂ ನಗಲಿಲ್ಲ. ಸರಳಾ ಕೂಡ ನಗಲಿಲ್ಲ.

ಸಂಜೆ ಚಂದ್ರಪ್ಪನವರು ಸ್ಟೂಲು ಹತ್ತಿ, ಸರ್ಕಾರದ ಗೋಡೆಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದರು. ಇಂದಿರಮ್ಮ ಅಪ್ಪನ ಫೋಟೋವನ್ನು ಸೆರಗಿನಿಂದ ಒರೆಸುತ್ತಾ ಕೆಳಗೆ ನಿಂತಿದ್ದರು.

"ಅಲ್ಲಿ ಬೇಡ" ಎಂದರು. "ಸ್ವಲ್ಪ ಮೇಲೆ ಹೊಡೀರಿ. ನಿಮ್ಮಮ್ಮನ ಫೋಟೋಗಿಂತ ಕೆಳಗೆ ಬರಬಾರದು."